ಜರ್ಮನಿಯ ಕ್ರಿಸ್‌ಮಸ್ ಸಂತೆಗಳಿಗೆ ಚಳಿಗಾಲದ ಕಾರು ಪ್ರವಾಸ: ಯಾವ ಊರು ಇರಲಿ, ಯಾವುದನ್ನು ಬಿಡಬೇಕು?

ಹುಬ್ಬಳ್ಳಿಯ ಪ್ರವಾಸಿ

ಎಲ್ಲರಿಗೂ ನಮಸ್ಕಾರ. ಬರುವ ಡಿಸೆಂಬರ್‌ನಲ್ಲಿ ನಾನು, ನನ್ನ ಪತ್ನಿ, ಎಪ್ಪತ್ತು ದಾಟಿದ ನಮ್ಮ ತಾಯಿ ಮತ್ತು ನಾಲ್ಕನೆಯ ತರಗತಿಯಲ್ಲಿ ಓದುವ ಮಗಳು ಜರ್ಮನಿಗೆ ಹೋಗುವುದೆಂದು ನಿಶ್ಚಯವಾಗಿದೆ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲೇ ಕಾರನ್ನು ಬಾಡಿಗೆಗೆ ಪಡೆದು ಹೈಡೆಲ್‌ಬರ್ಗ್, ಸ್ಟುಟ್‌ಗಾರ್ಟ್, ಎಸ್ಲಿಂಗೆನ್, ಉಲ್ಮ್, ಮ್ಯೂನಿಕ್, ನ್ಯೋರ್ಡ್‌ಲಿಂಗೆನ್, ರೋಥೆನ್‌ಬರ್ಗ್, ನ್ಯೂರೆಂಬರ್ಗ್ ಮತ್ತು ಡ್ರೆಸ್ಡೆನ್ ಊರುಗಳ ಕ್ರಿಸ್‌ಮಸ್ ಸಂತೆಗಳನ್ನು ಒಂದೇ ವಾರದಲ್ಲಿ ನೋಡಬೇಕೆಂದು ಯೋಜನೆ ಹಾಕಿದ್ದೇನೆ. ನಕ್ಷೆಯ ಪ್ರಕಾರ ಈ ಸಾಲಿನಲ್ಲಿ ಯಾವ ಎರಡು ಊರುಗಳ ನಡುವಿನ ದಾರಿಯೂ ಅರ್ಧ ದಿನಕ್ಕಿಂತ ಹೆಚ್ಚಿಲ್ಲ. ಹಿಮದಲ್ಲಿ ವಾಹನ ಓಡಿಸಿದ ಅನುಭವ ನನಗಿಲ್ಲ. ನಾವೆಲ್ಲರೂ ಸಸ್ಯಾಹಾರಿಗಳು, ತಾಯಿಯವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿ ನೆಲೆಸಿರುವವರು ಮತ್ತು ಹೋಗಿ ಬಂದವರು ದಯವಿಟ್ಟು ಈ ಯೋಜನೆಯನ್ನು ತಿದ್ದಿಕೊಡಬೇಕು.

ನ್ಯೂರೆಂಬರ್ಗ್ ವಾಸಿ

ನಮಸ್ಕಾರ ಸರ್. ನಿಮ್ಮ ಪಟ್ಟಿಯಲ್ಲಿರುವ ಊರುಗಳೆಲ್ಲವೂ ನೋಡತಕ್ಕವೇ, ಆದರೆ ಅವೆಲ್ಲ ಒಂದು ವಾರದಲ್ಲಿ ಹಿಡಿಯುವುದಿಲ್ಲ. ದಾರಿ ದೂರವೆಂಬುದು ಇದಕ್ಕೆ ಕಾರಣವಲ್ಲ, ಹಗಲು ಗಿಡ್ಡವೆಂಬುದು ಕಾರಣ. ಡಿಸೆಂಬರ್ ನಡುವಿನಲ್ಲಿ ನಮ್ಮೂರಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟರ ಸುಮಾರಿಗೆ, ಮುಳುಗುವುದು ಸಂಜೆ ನಾಲ್ಕೂಕಾಲಕ್ಕೆ. ಡ್ರೆಸ್ಡೆನ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು. ಸಂತೆಯ ಸೊಬಗು ತೆರೆದುಕೊಳ್ಳುವುದೂ ಆ ಕತ್ತಲಿನ ಹೊತ್ತಿಗೇ. ಹೀಗಾಗಿ ದಿನಕ್ಕೆರಡು ಊರು ಇಟ್ಟುಕೊಂಡವರು ಒಂದು ಊರನ್ನು ದೀಪವಿಲ್ಲದ ಮಧ್ಯಾಹ್ನದಲ್ಲಿ ನೋಡಿ, ಇನ್ನೊಂದರ ಕಡೆಗೆ ಕತ್ತಲಲ್ಲಿ, ಮಂಜಿನಲ್ಲಿ, ದಣಿದ ಕಣ್ಣಿನಿಂದ ಗಾಡಿ ಓಡಿಸಬೇಕಾಗುತ್ತದೆ. ನನ್ನ ಸಲಹೆ ಇಷ್ಟೇ: ದೊಡ್ಡ ನಗರವೊಂದರಲ್ಲಿ ಬೀಡು ಬಿಡಿ, ಕಾರನ್ನು ಸಣ್ಣ ಊರುಗಳಿಗೆ ಮಾತ್ರ ಬಳಸಿ, ದಿನಕ್ಕೆ ಒಂದೇ ಸಂತೆಯನ್ನು ಇಟ್ಟುಕೊಳ್ಳಿ.

ನಾನು ಇಲ್ಲಿಯವನಾದ್ದರಿಂದ ಪಕ್ಷಪಾತವೆನಿಸಬಹುದು, ಆದರೂ ಆ ಬೀಡು ನ್ಯೂರೆಂಬರ್ಗ್ ಆಗಲಿ ಎನ್ನುತ್ತೇನೆ. ಇಲ್ಲಿನ ಕ್ರಿಸ್ಟ್‌ಕಿಂಡ್ಲೆಸ್‌ಮಾರ್ಕ್ಟ್ ಎಂಬ ಸಂತೆಯ ಅತ್ಯಂತ ಹಳೆಯ ಕುರುಹು 1628ರ ಒಂದು ಮರದ ಪೆಟ್ಟಿಗೆ, ಅದು ಈಗಲೂ ಊರಿನ ಜರ್ಮಾನಿಕ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಹಾಪ್ಟ್‌ಮಾರ್ಕ್ಟ್ ಚೌಕದಲ್ಲಿ ಕೆಂಪು ಬಿಳಿ ಪಟ್ಟೆಯ ಬಟ್ಟೆ ಹೊದಿಸಿದ ಮರದ ಅಂಗಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಮೊದಲ ಅಡ್ವೆಂಟ್ ಭಾನುವಾರದ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದರ, ಹಿಂದಿನ ಶುಕ್ರವಾರ ಸಂಜೆ, ಚೌಕದ ಫ್ರೌವನ್‌ಕಿರ್ಖೆ ಚರ್ಚಿನ ಮೇಲಂತಸ್ತಿನಲ್ಲಿ ಚಿನ್ನದ ಬಣ್ಣದ ಉಡುಪು ತೊಟ್ಟ ಹುಡುಗಿಯೊಬ್ಬಳು ನಿಂತು ಪದ್ಯರೂಪದ ಸ್ವಾಗತ ನುಡಿಯುತ್ತಾಳೆ. ಆಕೆಯೇ ಕ್ರಿಸ್ಟ್‌ಕಿಂಡ್. ಊರಿನ 16ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಒಬ್ಬರನ್ನು ಎರಡು ವರ್ಷಗಳ ಅವಧಿಗೆ ಆರಿಸುತ್ತಾರೆ. ಅದೇ ಚರ್ಚಿನ ಗಡಿಯಾರದಲ್ಲಿ ದಿನವೂ ಮಧ್ಯಾಹ್ನ 12ಕ್ಕೆ ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ಏಳು ಮಂದಿ ಅರಸು ಚುನಾಯಕರ ಬೊಂಬೆಗಳು ಹೊರಬಂದು ಚಕ್ರವರ್ತಿ ನಾಲ್ಕನೆಯ ಚಾರ್ಲ್ಸ್‌ನಿಗೆ ಸುತ್ತು ಹಾಕುತ್ತವೆ. 1356ರಲ್ಲಿ ಚಕ್ರವರ್ತಿಯ ಆಯ್ಕೆಯ ಕ್ರಮವನ್ನು ನಿಗದಿಗೊಳಿಸಿದ ರಾಜಶಾಸನದ ನೆನಪು ಅದು. ನಿಮ್ಮ ಮಗಳನ್ನು ಆ ಹೊತ್ತಿಗೆ ಅಲ್ಲಿ ನಿಲ್ಲಿಸಿ.

ಆ ಚೌಕದ ಇನ್ನೊಂದು ಸಂಗತಿಯನ್ನೂ ದೊಡ್ಡವರಾದವರು ತಿಳಿದೇ ನೋಡಬೇಕೆಂದು ನನಗೆ ಅನಿಸುತ್ತದೆ. ಅಲ್ಲಿ ಹಿಂದೆ ಯಹೂದಿಗಳ ಕೇರಿ ಇತ್ತು. 1349ರಲ್ಲಿ ಚಾರ್ಲ್ಸ್‌ನ ಅನುಮತಿ ಪಡೆದು ಆ ಕೇರಿಯನ್ನು ಕೆಡವಿದರು, ನೂರಾರು ಜನರನ್ನು ಕೊಂದರು, ಅವರ ಪ್ರಾರ್ಥನಾಮಂದಿರವಾದ ಸಿನಗಾಗ್ ಇದ್ದ ಜಾಗದಲ್ಲಿ ಈ ಚರ್ಚನ್ನು ಕಟ್ಟಿದರು. 1933ರಲ್ಲಿ ಸಂತೆಯನ್ನು ಮತ್ತೆ ಈ ಚೌಕಕ್ಕೆ ತಂದವರು ನಾಜಿಗಳು, ತಮ್ಮ ಪ್ರಚಾರಕ್ಕಾಗಿ. 1945ರ ಜನವರಿ 2ರ ಬಾಂಬ್ ದಾಳಿಯಲ್ಲಿ ಹಳೆಯ ಊರಿನ ಬಹುಪಾಲು ನೆಲಸಮವಾಯಿತು. ಸಂತೆ ಮರಳಿ ಆರಂಭವಾದದ್ದು 1948ರಲ್ಲಿ. ಇಂದು ನಾವು ನೋಡುವ ಹಳೆಯ ಊರು ಬಹುಮಟ್ಟಿಗೆ ಮತ್ತೆ ಕಟ್ಟಿ ನಿಲ್ಲಿಸಿದ ಊರು.

ಇಲ್ಲಿನ ಲೇಬ್‌ಕೂಖನ್ ಎಂಬ ಮಸಾಲೆ ಬಿಸ್ಕತ್ತಿಗೂ ನಮ್ಮ ಕರಾವಳಿಗೂ ದೂರದ ನಂಟಿದೆ. ಊರ ಸುತ್ತಲಿನ ಅರಸು ಕಾಡಿನಿಂದ ಜೇನು ಬರುತ್ತಿತ್ತು, ಮೆಣಸು, ದಾಲ್ಚಿನ್ನಿ, ಲವಂಗ, ಏಲಕ್ಕಿಗಳು ವೆನಿಸ್ ಮಾರ್ಗವಾಗಿ ಈ ಊರಿನ ವರ್ತಕರ ಕೈ ಸೇರುತ್ತಿದ್ದವು. ಪೋರ್ಚುಗೀಸರು ಸಮುದ್ರದ ದಾರಿ ಕಂಡುಕೊಂಡ ಮೇಲೆ, 1505ರಲ್ಲಿ ಭಾರತಕ್ಕೆ ಹೊರಟ ಪೋರ್ಚುಗೀಸ್ ವೈಸ್‌ರಾಯ್ ಅಲ್ಮೇಡನ ನೌಕಾಪಡೆಗೆ ಬಂಡವಾಳ ಹೂಡಿದ ಜರ್ಮನ್ ವರ್ತಕ ಮನೆತನಗಳಲ್ಲಿ ನ್ಯೂರೆಂಬರ್ಗಿನ ಇಮ್‌ಹೋಫ್ ಮತ್ತು ಹಿರ್ಷ್‌ಫೋಗೆಲ್ ಮನೆತನಗಳೂ ಇದ್ದವು. ಆ ಪಡೆಯೇ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಕೋಟೆ ಕಟ್ಟಿ, ಬಳಿಕ ಹೊನ್ನಾವರದ ಮೇಲೆ ದಾಳಿ ಮಾಡಿತು. ಲೇಬ್‌ಕೂಖನ್ ಕೊಳ್ಳುವುದಾದರೆ ಎಲಿಸೆನ್ ಎಂಬ ಬಗೆಯನ್ನೇ ಕೇಳಿ. ಅದರಲ್ಲಿ ಬಾದಾಮಿ, ಹ್ಯಾಝಲ್‌ನಟ್, ಅಕ್ರೋಟದಂಥ ಬೀಜಗಳು ಕನಿಷ್ಠ 25 ಪ್ರತಿಶತ ಇರಲೇಬೇಕು, ಹಿಟ್ಟು 10 ಪ್ರತಿಶತ ಮೀರಬಾರದು ಎಂಬ ನಿಯಮವಿದೆ. ಆದರೆ ಅದಕ್ಕೆ ಮೊಟ್ಟೆ ಸೇರಿಸುತ್ತಾರೆ, ತಾಯಿಯವರಿಗೆ ಆಗದು.

ಶನಿವಾರ ಸಂಜೆ ಹಾಪ್ಟ್‌ಮಾರ್ಕ್ಟ್‌ಗೆ ಬರಲೇಬೇಡಿ. ಹಿರಿಯರನ್ನು ಕರೆದುಕೊಂಡು ಆ ದಟ್ಟಣೆಯಲ್ಲಿ ಹೆಜ್ಜೆ ಇಡುವುದು ಕಷ್ಟ. ಮಂಗಳವಾರ ಅಥವಾ ಬುಧವಾರದ ಸಂಜೆಯಾದರೆ ನಿಂತು ನೋಡಬಹುದು.

ಸ್ಟುಟ್‌ಗಾರ್ಟ್‌ನ ಕನ್ನಡಿಗ

ಮೇಲಿನವರ ಮಾತಿಗೆ ನನ್ನ ಸಹಮತವಿದೆ. ನಾನು ಇಲ್ಲಿ ವರ್ಷವಿಡೀ ಕಾರು ಓಡಿಸುವವನಾದ್ದರಿಂದ ಆ ವಿಷಯವನ್ನಷ್ಟೇ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹಿಮ ಕಾಣದ ಊರಿನಿಂದ ಬರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಮೊದಲನೆಯದು ಕಾಗದಪತ್ರ. ಭಾರತದ ಲೈಸೆನ್ಸಿನ ಜೊತೆಗೆ ನಿಮ್ಮ ಊರಿನ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಪಡೆದು ತನ್ನಿ, ಮತ್ತು ಎರಡನ್ನೂ ಸದಾ ಕಾರಿನಲ್ಲಿ ಇಟ್ಟುಕೊಳ್ಳಿ. ಮಗಳಿಗೆ 12 ವರ್ಷ ತುಂಬುವವರೆಗೆ, ಅಥವಾ 150 ಸೆಂಟಿಮೀಟರ್ ಎತ್ತರ ಮುಟ್ಟುವವರೆಗೆ, ಮಕ್ಕಳ ಆಸನ ಕಡ್ಡಾಯ. ಅದನ್ನು ಕಾರು ಕಾಯ್ದಿರಿಸುವಾಗಲೇ ಕೇಳಿಕೊಳ್ಳಬೇಕು.

ಇನ್ನು ಟೈರು. ಇಂಥ ತಾರೀಖಿನಿಂದ ಚಳಿಗಾಲದ ಟೈರು ಎಂಬ ನಿಯಮ ಜರ್ಮನಿಯಲ್ಲಿಲ್ಲ. ರಸ್ತೆಯಲ್ಲಿ ಹಿಮ, ಕೆಸರುಹಿಮ ಅಥವಾ ಮಂಜುಗಡ್ಡೆ ಇದ್ದರೆ ಆ ಟೈರು ಇಲ್ಲದೆ ಓಡಿಸಬಾರದು ಎಂಬುದು ನಿಯಮ. 2024ರ ಅಕ್ಟೋಬರ್‌ನಿಂದ, ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರವಿರುವ ಟೈರುಗಳಿಗಷ್ಟೇ ಮಾನ್ಯತೆ ಇದೆ. ತಪ್ಪಿದರೆ ಕನಿಷ್ಠ 60 ಯೂರೋ ದಂಡ, ಮತ್ತು ಅದು ಬೀಳುವುದು ಓಡಿಸುವವರ ಮೇಲೆ. ಆದ್ದರಿಂದ ಕಾರು ಕೈಗೆ ಬಂದೊಡನೆ ಬಗ್ಗಿ ನಾಲ್ಕೂ ಟೈರಿನ ಪಕ್ಕದ ಆ ಗುರುತನ್ನು ನೀವೇ ನೋಡಿಕೊಳ್ಳಿ. ಗಾಜು ತೊಳೆಯುವ ನೀರಿನಲ್ಲಿ ಹೆಪ್ಪುಗಟ್ಟದ ದ್ರವ ಬೆರೆಸಿದ್ದಾರೆಯೇ, ಗಾಜು ಹೆರೆಯುವ ಸಾಧನ ಕಾರಿನಲ್ಲಿದೆಯೇ ಎಂದೂ ಕೇಳಿ. ಬೆಳಿಗ್ಗೆ ಗಾಜಿನ ಮೇಲೆ ಕೂತ ಹೆಪ್ಪನ್ನು ಪೂರ್ತಿ ಹೆರೆದು ತೆಗೆಯಬೇಕು. ಕಣ್ಣೆದುರು ಒಂದು ಕಿಂಡಿಯಷ್ಟು ಮಾತ್ರ ಒರೆಸಿಕೊಂಡು ಹೊರಡುವುದೂ, ಹೆರೆಯುತ್ತಿರುವಾಗ ಎಂಜಿನ್ ಚಾಲೂ ಇಟ್ಟು ಬಿಸಿಮಾಡುವುದೂ ಇಲ್ಲಿ ದಂಡಕ್ಕೆ ಗುರಿ.

ನಿಜವಾಗಿ ಎದುರಾಗುವ ಕಷ್ಟ ಹಿಮಕ್ಕಿಂತ ಮಂಜಿನದು. ನದೀಕಣಿವೆಗಳಲ್ಲಿ ಬೆಳಗಿನ ಹೊತ್ತು ಎದುರಿನ ಗಾಡಿ ಕಾಣದಷ್ಟು ದಟ್ಟವಾಗಿರುತ್ತದೆ. ಊರ ಹೊರಗಿನ ರಸ್ತೆಯ ಅಂಚಿನಲ್ಲಿ ಕಪ್ಪು ಬಿಳಿ ಗೂಟಗಳಿವೆ, ನೇರ ದಾರಿಯಲ್ಲಿ ಅವುಗಳ ನಡುವಿನ ಅಂತರ 50 ಮೀಟರ್. ಒಂದು ಗೂಟದ ಬಳಿ ಇರುವಾಗ ಮುಂದಿನ ಗೂಟ ಕಾಣದಿದ್ದರೆ ವೇಗ ಗಂಟೆಗೆ 50 ಕಿಲೋಮೀಟರ್ ಮೀರಬಾರದು, ಹಿಂದಿನ ಮಂಜುದೀಪವನ್ನು ಹಚ್ಚಲು ಅವಕಾಶವಿರುವುದೂ ಆಗ ಮಾತ್ರ. ಸೇತುವೆಗಳ ಮೇಲೆ ಮತ್ತು ಕಾಡಿನ ನೆರಳಿನ ತಿರುವುಗಳಲ್ಲಿ ರಸ್ತೆ ಬರೀ ಒದ್ದೆಯಾಗಿರುವಂತೆ ಕಂಡರೂ ತೆಳುವಾದ ಮಂಜುಗಡ್ಡೆ ಹಾಸಿಕೊಂಡಿರಬಹುದು. ಆಟೋಬಾನ್ ಎಂಬ ಇಲ್ಲಿನ ಹೆದ್ದಾರಿಯ ಹಲವು ಭಾಗಗಳಲ್ಲಿ ವೇಗಮಿತಿ ಇಲ್ಲವೆಂಬುದು ನಿಜ, ಆದರೆ ಶಿಫಾರಸಾದ ವೇಗ 130. ಚಳಿಗಾಲದಲ್ಲಿ ಬಲಬದಿಯ ಸಾಲಿನಲ್ಲೇ 100ರ ಆಸುಪಾಸಿನಲ್ಲಿ ಸಾಗಿದರೆ ಯಾರೂ ಏನೂ ಅನ್ನುವುದಿಲ್ಲ. ವಾಹನಗಳು ದಟ್ಟೈಸಿ ನಿಧಾನವಾದ ಕೂಡಲೇ ಎಡತುದಿಯ ಸಾಲಿನವರು ಇನ್ನಷ್ಟು ಎಡಕ್ಕೆ, ಉಳಿದವರೆಲ್ಲರೂ ಬಲಕ್ಕೆ ಸರಿದು ಆಂಬುಲೆನ್ಸಿಗೆ ದಾರಿ ಬಿಡಬೇಕು. ಸೈರನ್ ಕೇಳಿಸುವವರೆಗೆ ಕಾಯುವಂತಿಲ್ಲ. ಬಿಡದಿದ್ದರೆ 200 ಯೂರೋ ದಂಡವಲ್ಲದೆ ಒಂದು ತಿಂಗಳು ಚಾಲನೆಗೆ ನಿಷೇಧವಿದೆ.

ಸಂತೆಯಲ್ಲಿ ಎಲ್ಲರ ಕೈಯಲ್ಲೂ ಕಾಣುವ ಬಿಸಿ ಮಸಾಲೆ ವೈನ್, ಅಂದರೆ ಗ್ಲ್ಯೂವೈನ್, ಓಡಿಸುವವರಿಗೆ ಬೇಡವೇ ಬೇಡ. ರಕ್ತದಲ್ಲಿ ಮದ್ಯಸಾರದ ಕಾನೂನಿನ ಮಿತಿ 0.5 ಪ್ರತಿ ಸಾವಿರ ಎಂದಿದ್ದರೂ, ಚಾಲನೆ ತಪ್ಪಿದ ಲಕ್ಷಣ ಕಂಡರೆ ಅಥವಾ ಅಪಘಾತವಾದರೆ 0.3 ಇದ್ದರೂ ಶಿಕ್ಷೆಯಾಗಬಹುದು. ಪಕ್ಕದ ಅಂಗಡಿಯಲ್ಲೇ ಕಿಂಡರ್‌ಪುನ್ಶ್ ಎಂಬ, ಮದ್ಯವಿಲ್ಲದ ಬಿಸಿ ಹಣ್ಣಿನ ರಸ ಸಿಗುತ್ತದೆ. ಮಗಳಿಗೂ ನಿಮಗೂ ಅದೇ ಸಾಕು.

ಸಂತೆಯ ಚೌಕದ ಹತ್ತಿರಕ್ಕೆ ಕಾರು ಒಯ್ಯಲು ಪ್ರಯತ್ನಿಸಬೇಡಿ. 2016ರಲ್ಲಿ ಬರ್ಲಿನ್ ಮತ್ತು 2024ರಲ್ಲಿ ಮಾಗ್ಡೆಬುರ್ಗ್ ಸಂತೆಗಳ ಜನಸಂದಣಿಯ ಮೇಲೆ ವಾಹನ ನುಗ್ಗಿಸಿ ಜನರನ್ನು ಕೊಂದ ಘಟನೆಗಳ ಬಳಿಕ ಸುತ್ತಲಿನ ರಸ್ತೆಗಳಿಗೆ ಕಾಂಕ್ರೀಟ್ ತಡೆಗಳನ್ನು ಇಟ್ಟಿರುತ್ತಾರೆ. ಫೋನಿನ ನಕ್ಷೆ ತೋರಿಸುವ ದಾರಿ ಅಲ್ಲಿ ಮುಚ್ಚಿರಬಹುದು. ನಗರದ ಅಂಚಿನಲ್ಲಿ ಕಾರು ಬಿಟ್ಟು ಟ್ರಾಮ್ ಅಥವಾ ಮೆಟ್ರೊ ಹಿಡಿಯಿರಿ.

ಡ್ರೆಸ್ಡೆನ್ ವಿದ್ಯಾರ್ಥಿನಿ

ಯಾವ ಊರು ಬಿಟ್ಟರೂ ಪೂರ್ವದ ಸ್ಯಾಕ್ಸನಿಯನ್ನು ಬಿಡಬೇಡಿ ಎಂದು ವಿನಂತಿಸುತ್ತೇನೆ. ಡ್ರೆಸ್ಡೆನ್‌ನ ಸ್ಟ್ರೀಟ್ಸೆಲ್‌ಮಾರ್ಕ್ಟ್ ಸಂತೆಗೆ ಅರಸನ ಅಪ್ಪಣೆ ದೊರೆತದ್ದು 1434ರಲ್ಲಿ. ಆಗ ಅದು ಹಬ್ಬದ ಮುನ್ನ ಒಂದು ದಿನ ಮಾತ್ರ ನಡೆಯುವ ಮಾಂಸದ ಸಂತೆಯಾಗಿತ್ತು. ಅದಕ್ಕೆ ಹೆಸರು ಕೊಟ್ಟದ್ದು ಇಲ್ಲಿನ ಹಬ್ಬದ ಕೇಕು ಸ್ಟೊಲೆನ್, ಅದರ ಹಳೆಯ ಹೆಸರು ಸ್ಟ್ರೀಟ್ಸೆಲ್. ಉಪವಾಸದ ದಿನಗಳಲ್ಲಿ ಬೆಣ್ಣೆ ನಿಷಿದ್ಧವಾಗಿದ್ದುದರಿಂದ ಎಣ್ಣೆಯಲ್ಲಿ ಮಾಡುತ್ತಿದ್ದ ಅದಕ್ಕೆ ಬೆಣ್ಣೆ ಹಾಕಲು 1491ರಲ್ಲಿ ಪೋಪ್ ಎಂಟನೆಯ ಇನೊಸೆಂಟ್ ಅನುಮತಿ ಪತ್ರ ಬರೆದರು. ಈಗ ಡ್ರೆಸ್ಡೆನ್ ಸ್ಟೊಲೆನ್ ಎಂಬ ಮುದ್ರೆ ಬೀಳಬೇಕಾದರೆ ಹಿಟ್ಟಿನ ತೂಕದ ಅರ್ಧದಷ್ಟಾದರೂ ಬೆಣ್ಣೆ ಇರಬೇಕು. ಒಣದ್ರಾಕ್ಷಿಯನ್ನು ರಮ್‌ನಲ್ಲಿ ನೆನೆಹಾಕುವ ವಾಡಿಕೆಯಿದೆ, ಬೇಡವೆನ್ನುವವರು ವಿಚಾರಿಸಿ ಕೊಳ್ಳಬೇಕು.

ಆದರೆ ನಾನು ಹೇಳಬೇಕೆಂದಿರುವುದು ಡ್ರೆಸ್ಡೆನ್‌ಗಿಂತ ಅಲ್ಲಿಂದ ದಕ್ಷಿಣಕ್ಕೆ ಒಂದು ಗಂಟೆಗೂ ಮಿಕ್ಕಿದ ದಾರಿಯಲ್ಲಿ, ಚೆಕ್ ಗಡಿಯ ಅಂಚಿನಲ್ಲಿರುವ ಸೈಫೆನ್ ಎಂಬ ಹಳ್ಳಿಯ ಬಗ್ಗೆ. ಅದು ಎರ್ಟ್ಸ್‌ಗೆಬಿರ್ಗೆ ಎಂಬ ಗಣಿಬೆಟ್ಟಗಳ ಸೀಮೆ, 2019ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ತವರದ ಗಣಿ ಬರಿದಾಗುತ್ತ ಬಂದಂತೆ ಅಲ್ಲಿನ ಗಣಿಗಾರರು ಮರದ ಕೆಲಸಕ್ಕೆ ತಿರುಗಿದರು. ಜಗತ್ತಿಗೆಲ್ಲ ಪರಿಚಿತವಾದ, ಬಾಯಿ ತೆರೆದು ಅಕ್ರೋಟ ಒಡೆಯುವ ಸಿಪಾಯಿ ಬೊಂಬೆ, ಬಾಯಿಂದ ಸಾಂಬ್ರಾಣಿಯ ಹೊಗೆ ಬಿಡುವ ಮುದುಕನ ಬೊಂಬೆ, ಮೇಣದಬತ್ತಿಯ ಬಿಸಿಗೆ ತಿರುಗುವ ಅಂತಸ್ತಿನ ಗೋಪುರ, ಇವೆಲ್ಲದರ ತವರು ಅದೇ. ಚಳಿಗಾಲದಲ್ಲಿ ಬೆಳಕು ಹರಿಯುವ ಮುನ್ನ ಗಣಿಗಿಳಿದು ಕತ್ತಲಾದ ಮೇಲೆ ಮೇಲೆ ಬರುತ್ತಿದ್ದ ಆ ಜನರಿಗೆ ಬೆಳಕು ಎಷ್ಟು ದೊಡ್ಡದಾಗಿತ್ತೆಂಬುದು ಅಲ್ಲಿನ ಕಿಟಕಿಗಳನ್ನು ಕಂಡಾಗ ಅರ್ಥವಾಗುತ್ತದೆ. ಹಳ್ಳಿಯ ಒಂದೊಂದು ಮನೆಯ ಕಿಟಕಿಯಲ್ಲೂ ದೀಪದ ಕಮಾನು ಇರುತ್ತದೆ. ಮನೆಯ ಗಂಡುಮಕ್ಕಳ ಲೆಕ್ಕಕ್ಕೆ ದೀಪ ಹಿಡಿದ ಗಣಿಗಾರ, ಹೆಣ್ಣುಮಕ್ಕಳ ಲೆಕ್ಕಕ್ಕೆ ದೀಪ ಹಿಡಿದ ದೇವದೂತೆ ಬೊಂಬೆಗಳನ್ನು ಇಡುವ ಸಂಪ್ರದಾಯವೂ ಇದೆ.

ಅಲ್ಲಿನ ಬಯಲು ವಸ್ತುಸಂಗ್ರಹಾಲಯದಲ್ಲಿ ಮರದ ಬಳೆ ಕಡೆಯುವ ಕೆಲಸವನ್ನು ಪ್ರತ್ಯಕ್ಷ ತೋರಿಸುತ್ತಾರೆ. ಚನ್ನಪಟ್ಟಣದಲ್ಲಿ ಆಲೆ ಮರವನ್ನು ತಿರುಗಣಿಗೆ ಕೊಟ್ಟು ಅರಗಿನ ಬಣ್ಣ ಹಚ್ಚುವುದನ್ನು ಬಲ್ಲವರಿಗೆ ಇದರ ಚಮತ್ಕಾರ ಇನ್ನಷ್ಟು ಚೆನ್ನಾಗಿ ಹಿಡಿಸುತ್ತದೆ. ಕೆಲಸಗಾರರು ಒದ್ದೆಯಾದ ಸ್ಪ್ರೂಸ್ ಮರದ ದಪ್ಪ ಬಿಲ್ಲೆಯನ್ನು ತಿರುಗಣಿಗೆ ಹಾಕಿ, ಒಂದು ಮಗ್ಗುಲಿನಿಂದ ಉಬ್ಬು ತಗ್ಗುಗಳನ್ನು ಕೊರೆದು, ಮಗುಚಿ ಇನ್ನೊಂದು ಮಗ್ಗುಲಿನಿಂದಲೂ ಕೊರೆದು, ಒಂದು ಬಳೆಯನ್ನು ಬಿಡಿಸುತ್ತಾರೆ. ನೋಡುವವರಿಗೆ ಅದು ಏನೆಂದು ತಿಳಿಯುವುದಿಲ್ಲ. ಬಳೆಯನ್ನು ಉಳಿಯಿಂದ ಸೀಳಿದಾಗ ಕತ್ತರಿಸಿದ ಮುಖದಲ್ಲಿ ಹಸುವಿನದೋ ಕುದುರೆಯದೋ ಆಕಾರ ಎದ್ದು ಬರುತ್ತದೆ, ಮತ್ತು ಅದೇ ಬಳೆಯಿಂದ ಸೌದೆಚೂರಿನಂತೆ ಒಂದರ ಹಿಂದೊಂದು ಹಸುಗಳು ಉದುರುತ್ತವೆ. ಆಕಾರವನ್ನು ಕಣ್ಣಿನಿಂದ ಕಾಣದೆ, ಮನಸ್ಸಿನಲ್ಲೇ ಅಡ್ಡಕೊಯ್ತವನ್ನು ಹಿಡಿದುಕೊಂಡು ಕಡೆಯಬೇಕಾದ ಈ ವಿದ್ಯೆಯನ್ನು ಬಲ್ಲವರು ಈಗ ಬಹಳ ಕಡಿಮೆ. ಅಂಗಡಿಗಳಲ್ಲಿ ಅಗ್ಗದ ಅನುಕರಣೆಗಳೂ ಬರುತ್ತಿರುವುದರಿಂದ, ಚಿಕ್ಕದೊಂದನ್ನೇ ಕೊಂಡರೂ ಆ ಹಳ್ಳಿಯಲ್ಲಿ ಮಾಡಿದ್ದನ್ನೇ ಕೊಳ್ಳಿ.

ಶಿವಮೊಗ್ಗದ ಓದುಗ

ನಾನು ಹಿಂದೆ ಆ ಕಡೆ ಕೆಲಸದಲ್ಲಿದ್ದವನು. ಒಂದು ಭಿನ್ನಾಭಿಪ್ರಾಯವಿದೆ. ರೋಥೆನ್‌ಬರ್ಗ್ ಚೆಲುವಾದ ಊರೆಂಬುದರಲ್ಲಿ ಸಂಶಯವಿಲ್ಲ, ಆದರೆ ಡಿಸೆಂಬರ್‌ನಲ್ಲಿ ಅದು ಪ್ರವಾಸಿ ಬಸ್ಸುಗಳಿಗೇ ಮೀಸಲಾದಂತಿರುತ್ತದೆ. ಅದೇ ದಾರಿಯಲ್ಲಿ ಮುಂದಿರುವ ಡಿಂಕೆಲ್ಸ್‌ಬ್ಯೂಲ್ ಮತ್ತು ನ್ಯೋರ್ಡ್‌ಲಿಂಗೆನ್ ಊರುಗಳಲ್ಲಿ ಅಷ್ಟೇ ಹಳೆಯ ಕೋಟೆಗೋಡೆ, ಅಷ್ಟೇ ಚೆಂದದ ಮನೆಗಳಿದ್ದು, ಊರಿನವರು ತಮ್ಮ ಸಂತೆಗೆ ತಾವೇ ಬರುತ್ತಾರೆ. ನ್ಯೋರ್ಡ್‌ಲಿಂಗೆನ್ ನಿಂತಿರುವುದು ಸುಮಾರು 15 ದಶಲಕ್ಷ ವರ್ಷಗಳ ಹಿಂದೆ ಉಲ್ಕೆ ಬಿದ್ದು ಉಂಟಾದ ಕುಳಿಯೊಳಗೆ. ಆ ಹೊಡೆತದಿಂದ ರೂಪುಗೊಂಡ ಕಲ್ಲಿನಲ್ಲೇ ಅಲ್ಲಿನ ಚರ್ಚನ್ನು ಕಟ್ಟಿದ್ದಾರೆ, ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ವಜ್ರಗಳಿವೆ. ಚಂದ್ರನ ನೆಲದ ಅಭ್ಯಾಸಕ್ಕೆಂದು ಅಪೊಲೊ ಗಗನಯಾತ್ರಿಗಳೂ 1970ರಲ್ಲಿ ಅಲ್ಲಿಗೆ ಬಂದಿದ್ದರು. ಕೋಟೆಗೋಡೆಯ ಮೇಲೆ ಊರನ್ನು ಪೂರ್ತಿ ಸುತ್ತಬಹುದು, ಹೆಚ್ಚೂಕಡಿಮೆ 2.7 ಕಿಲೋಮೀಟರ್. ಚರ್ಚಿನ ಗೋಪುರದಿಂದ ರಾತ್ರಿ ಹತ್ತರ ನಂತರ ಕಾವಲುಗಾರ ಊರಿಗೆ ಕೂಗಿ ಹೇಳುವ ಪದ್ಧತಿ ಇಂದಿಗೂ ನಡೆದಿದೆ.

ನ್ಯೂರೆಂಬರ್ಗ್ ವಾಸಿ

ನ್ಯೋರ್ಡ್‌ಲಿಂಗೆನ್ ಬಗ್ಗೆ ನೀವು ಹೇಳಿದ ಪ್ರತಿ ಮಾತೂ ಸರಿ. ಆದರೂ ರೋಥೆನ್‌ಬರ್ಗ್ ಅನ್ನು ಬಿಡಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಬಸ್ಸುಗಳು ಸಂಜೆಗೆ ಹೊರಟುಹೋಗುತ್ತವೆ. ಒಂದು ರಾತ್ರಿ ಗೋಡೆಯೊಳಗಿನ ವಸತಿಗೃಹದಲ್ಲಿ ತಂಗುವವರಿಗೆ ಆ ಊರು ಬೇರೆಯೇ ಆಗಿ ಸಿಗುತ್ತದೆ. 1945ರ ಮಾರ್ಚ್ 31ರ ಬಾಂಬ್ ದಾಳಿಯಲ್ಲಿ ಪೂರ್ವ ಭಾಗದ ಮನೆಗಳೂ ಗೋಡೆಯೂ ನಾಶವಾಗಿದ್ದವು. ಮತ್ತೆ ಕಟ್ಟಲು ಜಗತ್ತಿನ ನಾನಾ ಕಡೆಗಳಿಂದ ಹಣ ಕೊಟ್ಟವರ ಹೆಸರುಗಳನ್ನು ಗೋಡೆಯ ಕಲ್ಲುಗಳಲ್ಲಿ ಬರೆದಿದ್ದಾರೆ, ಗೋಡೆಯ ಮೇಲಿನ ಮಾಡಿನ ದಾರಿಯಲ್ಲಿ ನಡೆಯುತ್ತ ಓದಬಹುದು. ಮೆಟ್ಟಿಲುಗಳು ಕಡಿದಾದ್ದರಿಂದ ತಾಯಿಯವರನ್ನು ಹತ್ತಿಸಬೇಡಿ. ಹಗಲಿಗಷ್ಟೇ ಹೋಗುವವರಿಗೆ ಗೋಡೆಯ ಹೊರಗೆ ಪಿ1ರಿಂದ ಪಿ5ರವರೆಗೆ ನಿಲುಗಡೆ ಜಾಗಗಳಿವೆ.

ಮ್ಯೂನಿಕ್‌ನಿಂದ ಒಬ್ಬ ಗೃಹಿಣಿ

ಊಟದ ವಿಷಯವನ್ನು ಯಾರೂ ಸರಿಯಾಗಿ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಸಸ್ಯಾಹಾರಿಗಳಿಗೆ ಸಂತೆಯಲ್ಲಿ ಬೇಕಾದಷ್ಟಿದೆ, ಆದರೆ ಮೊಟ್ಟೆ ತಿನ್ನದವರು ಜಾಗರೂಕರಾಗಿರಬೇಕು. ಸೇಬಿನ ಗೊಜ್ಜಿನ ಜೊತೆ ಕೊಡುವ ಆಲೂಗಡ್ಡೆ ದೋಸೆಗೂ, ಚೀಸ್ ಹಾಕಿದ ಸ್ಪೆಟ್ಸ್‌ಲೆ ಎಂಬ ದಪ್ಪ ಶಾವಿಗೆಗೂ ಸಾಮಾನ್ಯವಾಗಿ ಮೊಟ್ಟೆ ಬೀಳುತ್ತದೆ. ತಾಯಿಯವರಿಗೆ ಕೆಂಡದಲ್ಲಿ ಹುರಿದ ಚೆಸ್ಟ್‌ನಟ್, ದಾಲ್ಚಿನ್ನಿ ಸಕ್ಕರೆಯಲ್ಲಿ ಹುರಿದ ಬಾದಾಮಿ, ಮೊಸರಿನಂಥ ಕ್ವಾರ್ಕ್ ಸುರಿದ ಸುಟ್ಟ ಆಲೂಗಡ್ಡೆ ಇವು ಆಗುತ್ತವೆ. ಫ್ಲಾಮ್‌ಕೂಖನ್ ಎಂಬ ತೆಳು ರೊಟ್ಟಿಗೆ ಹಂದಿಮಾಂಸದ ಚೂರು ಹಾಕುವುದು ರೂಢಿ, 'ಓನೆ ಶ್ಪೆಕ್' ಎಂದು ಹೇಳಿದರೆ ಅದಿಲ್ಲದೆ ಮಾಡಿಕೊಡುತ್ತಾರೆ. ಚಿಲ್ಲರೆ ನಾಣ್ಯಗಳು ಕೈಯಲ್ಲಿರಲಿ, ಎಷ್ಟೋ ಶೌಚಾಲಯಗಳಲ್ಲಿ ಹಣ ಕೊಡಬೇಕು, ಕೆಲವು ಅಂಗಡಿಗಳು ಕಾರ್ಡನ್ನೂ ತೆಗೆದುಕೊಳ್ಳುವುದಿಲ್ಲ. ಪಾನೀಯದ ಲೋಟಕ್ಕೆ ಠೇವಣಿ ಹಿಡಿಯುತ್ತಾರೆ, ಹಿಂದಿರುಗಿಸಿದರೆ ಹಣ ವಾಪಸು, ಬೇಕಾದರೆ ಲೋಟವನ್ನೇ ಇಟ್ಟುಕೊಳ್ಳಬಹುದು.

ಅಮ್ಮನವರಿಗೆ ದಪ್ಪ ಕೋಟ್‌ಗಿಂತ ಮುಖ್ಯವಾದದ್ದು ಬೂಟು. ಹಳೆಯ ಊರುಗಳ ಚೌಕಗಳೆಲ್ಲ ಕಲ್ಲುಹಾಸು, ಸಂಜೆಗೆ ಜಾರುತ್ತದೆ. ತಂಪು ಏರುವುದು ಕಾಲಿನಿಂದ. ಅಡಿ ದಪ್ಪವಿದ್ದು, ಒಳಗೆ ಉಣ್ಣೆಯ ಕಾಲುಚೀಲಕ್ಕೆ ಜಾಗವಿರುವ ಬೂಟನ್ನು ಇಲ್ಲಿಗೆ ಬಂದ ಮೇಲೆ ಕೊಳ್ಳುವುದೇ ಒಳ್ಳೆಯದು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ ಎಂಬುದನ್ನು ನೆನಪಿಡಿ.

ಹುಬ್ಬಳ್ಳಿಯ ಪ್ರವಾಸಿ

ನಿಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮನೆಯಲ್ಲಿ ಕೂತು ಯೋಜನೆಯನ್ನು ಹೊಸದಾಗಿ ಹಾಕಿದ್ದೇವೆ. ಹೈಡೆಲ್‌ಬರ್ಗ್, ಸ್ಟುಟ್‌ಗಾರ್ಟ್, ಎಸ್ಲಿಂಗೆನ್, ಉಲ್ಮ್, ಮ್ಯೂನಿಕ್ ಎಲ್ಲವನ್ನೂ ಕೈಬಿಟ್ಟಿದ್ದೇವೆ. ಫ್ರಾಂಕ್‌ಫರ್ಟ್‌ನಿಂದ ಸೋಮವಾರ ಹೊರಟು ರೋಥೆನ್‌ಬರ್ಗ್‌ನಲ್ಲಿ ತಂಗುವುದು, ಮರುದಿನ ನ್ಯೋರ್ಡ್‌ಲಿಂಗೆನ್ ನೋಡಿಕೊಂಡು ನ್ಯೂರೆಂಬರ್ಗ್ ಸೇರುವುದು, ವಾರಾಂತ್ಯಕ್ಕೆ ಮುನ್ನ ಡ್ರೆಸ್ಡೆನ್ ತಲುಪಿ ಅಲ್ಲಿಂದ ಸೈಫೆನ್‌ಗೆ ಹೋಗಿಬರುವುದು. ಬೊಂಬೆಯ ಬಳೆಯ ವಿವರವನ್ನು ಓದಿ ಹೇಳಿದಾಗಿನಿಂದ ಮಗಳು ಬೇರೆ ಊರಿನ ಮಾತೇ ಆಡುತ್ತಿಲ್ಲ. ಎರಡು ಪ್ರಶ್ನೆಗಳು ಉಳಿದಿವೆ. ಪ್ರವಾಸವನ್ನು ಕ್ರಿಸ್‌ಮಸ್ ವಾರಕ್ಕೇ ಮುಂದೂಡಿದರೆ ಹಬ್ಬವನ್ನೇ ನೋಡಿದಂತಾಗುವುದೇ? ಡ್ರೆಸ್ಡೆನ್‌ನಿಂದ ಫ್ರಾಂಕ್‌ಫರ್ಟ್‌ಗೆ ಮತ್ತೆ ಕಾರನ್ನೇ ಓಡಿಸಬೇಕೇ?

ಡ್ರೆಸ್ಡೆನ್ ವಿದ್ಯಾರ್ಥಿನಿ

ಖಂಡಿತ ಮುಂದೂಡಬೇಡಿ. ಸಂತೆಗಳು ಹಬ್ಬಕ್ಕೆ ಮುಂಚಿನ ನಾಲ್ಕು ವಾರಗಳಿಗೆ ಸೇರಿದವು, ಹಬ್ಬಕ್ಕಲ್ಲ. ನ್ಯೂರೆಂಬರ್ಗ್ ಮತ್ತು ಡ್ರೆಸ್ಡೆನ್ ಸಂತೆಗಳು 24ರ ಮಧ್ಯಾಹ್ನಕ್ಕೇ ಮುಗಿಯುತ್ತವೆ, ಚಿಕ್ಕ ಊರುಗಳಲ್ಲಿ ಅದಕ್ಕೂ ಮೊದಲೇ. 24ರ ಸಂಜೆ ಎಲ್ಲರೂ ಮನೆ ಸೇರಿಬಿಡುತ್ತಾರೆ, 25 ಮತ್ತು 26 ಎರಡೂ ರಜೆ. ಆ ದಿನಗಳಲ್ಲಿ ಊಟಕ್ಕೂ ಪರದಾಡಬೇಕಾದೀತು. ಸೈಫೆನ್‌ಗೆ ಹೊರಡುವ ದಿನ ಬೆಳಿಗ್ಗೆ ಹವಾಮಾನ ನೋಡಿ. ಬೆಟ್ಟದ ಮೇಲೆ ಹಿಮ ಬೀಳುತ್ತಿದ್ದರೆ ಒಂದು ದಿನ ಮುಂದಕ್ಕೆ ಹಾಕುವಷ್ಟು ಸಡಿಲ ಇಟ್ಟುಕೊಳ್ಳಿ.

ಸ್ಟುಟ್‌ಗಾರ್ಟ್‌ನ ಕನ್ನಡಿಗ

ಎರಡನೆಯ ಪ್ರಶ್ನೆಗೆ ಉತ್ತರ: ಕಾರನ್ನು ಡ್ರೆಸ್ಡೆನ್‌ನಲ್ಲೇ ಒಪ್ಪಿಸಿಬಿಡಿ. ಅಲ್ಲಿಂದ ಫ್ರಾಂಕ್‌ಫರ್ಟ್‌ಗೆ ನೇರ ಐಸಿಇ ಎಂಬ ವೇಗದ ರೈಲುಗಳಿವೆ, ತಾಯಿಯವರಿಗೂ ಆರಾಮ. ಒಂದು ಊರಿನಲ್ಲಿ ಪಡೆದು ಇನ್ನೊಂದು ಊರಿನಲ್ಲಿ ಒಪ್ಪಿಸುವುದಕ್ಕೆ ಹೆಚ್ಚುವರಿ ಶುಲ್ಕ ಎಷ್ಟೆಂದು ಕಾಯ್ದಿರಿಸುವ ಮುನ್ನವೇ ಕೇಳಿಕೊಳ್ಳಿ. ಹಾಗೆಯೇ ಕಾರು ಪಡೆಯುವಾಗಲೂ ಒಪ್ಪಿಸುವಾಗಲೂ ಹಗಲಿನ ಬೆಳಕಿನಲ್ಲಿ ನಾಲ್ಕೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಡ್ರೆಸ್ಡೆನ್‌ನಲ್ಲಿ ನಾಲ್ಕಕ್ಕೇ ಕತ್ತಲಾಗುವುದರಿಂದ ಮಧ್ಯಾಹ್ನ ಮೂರರೊಳಗೆ ಒಪ್ಪಿಸುವಂತೆ ಸಮಯ ಹೊಂದಿಸಿಕೊಳ್ಳಿ.